ವ್ಯಾನ್ ಮಾವಶಿಗೆ ಒಗ್ಗಿದ ಗುಳಿಗೆ

ಆ ಸೋಮವಾರ ಮಧ್ಯಾಹ್ನ ಚೀಟಿ ತಂದ ಹೆಂಗಸೊಬ್ಬರಿಗೆ ನಾನು ಔಷಧಿ ಕೊಡಲಿಲ್ಲ. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿರುವ ಒಂದು ಔಷಧಿ ಅಂಗಡಿಯಲ್ಲಿ ನಾನು ಫಾರ್ಮಸಿಸ್ಟ್. ಚೀಟಿ ಇಲ್ಲದವರನ್ನು ವಾಪಸು ಕಳಿಸಿದ್ದೇನೆ, ಔಷಧಿ ಮುಗಿದಾಗ ಕಳಿಸಿದ್ದೇನೆ. ಚೀಟಿ ಸರಿಯಾಗಿದ್ದು, ಔಷಧಿಯೂ ಕಪಾಟಿನಲ್ಲಿದ್ದು, ಕೈಗೆತ್ತಿಕೊಂಡ ಗುಳಿಗೆಯ ಪಟ್ಟಿಯನ್ನು ಮತ್ತೆ ಒಳಗಿಟ್ಟದ್ದು ಅದೇ ಮೊದಲು.

ಬಂದವರಿಗೆ ನಲವತ್ತೈದರ ಆಸುಪಾಸು. ಎತ್ತರದ ಆಳು, ಗಟ್ಟಿ ದನಿ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದ್ದರು. ಖಾನಾಪುರದವರು, ಶಾಲೆಯ ಮಕ್ಕಳ ವ್ಯಾನ್ ಓಡಿಸುತ್ತಾರೆ ಎಂಬುದು ಚೀಟಿ ಬಿಚ್ಚುವಷ್ಟರಲ್ಲಿ ಅವರ ಬಾಯಿಂದಲೇ ಗೊತ್ತಾಯಿತು. ಚೀಟಿ ಬರೆದವರು ನಗರದ ಹಿರಿಯ ಮನೋವೈದ್ಯರು. ಅವರ ಅಕ್ಷರ ನಮ್ಮ ಅಂಗಡಿಯಲ್ಲಿ ಎಲ್ಲರಿಗೂ ಪ್ರೀತಿ, ಏಕೆಂದರೆ ಓದಲು ಬರುತ್ತದೆ. ಎರಡು ಗುಳಿಗೆ ಬರೆದಿದ್ದರು. ಒಂದು ಎಸ್ಸಿಟಾಲೊಪ್ರಾಮ್, ಐದು ಮಿಲಿಗ್ರಾಂ, ಬೆಳಿಗ್ಗೆ ತಿಂಡಿಯ ಮೇಲೆ. ಇದು ಆತಂಕವನ್ನು ವಾರಗಳ ಲೆಕ್ಕದಲ್ಲಿ ನಿಧಾನವಾಗಿ ಇಳಿಸುತ್ತದೆ. ಇನ್ನೊಂದು ಪ್ರೊಪ್ರನಲಾಲ್, ಇಪ್ಪತ್ತು ಮಿಲಿಗ್ರಾಂ, ಬೆಳಿಗ್ಗೆ ಮತ್ತು ಸಂಜೆ. ಎದೆ ಡವಗುಟ್ಟುವುದು, ಕೈ ನಡುಗುವುದು ಇದರಿಂದ ಬೇಗ ತಗ್ಗುತ್ತದೆ. ಕೆಳಗೆ ಸಣ್ಣದಾಗಿ ಬರೆದಿತ್ತು: ವಾಹನ ಓಡಿಸುತ್ತಾರೆ, ನಿದ್ದೆ ತರುವ ಗುಳಿಗೆ ಬೇಡ. ಅದರ ಕೆಳಗೆ: ನೋವಿನ ಗುಳಿಗೆ ಅಲರ್ಜಿ, ಹೆಸರು ತಿಳಿಯದು.

ನಾನು ಎರಡೂ ಪಟ್ಟಿ ತೆಗೆದು ಕೌಂಟರಿನ ಮೇಲಿಟ್ಟೆ. ಆಕೆ ಅವನ್ನು ಮುಟ್ಟಲಿಲ್ಲ.

"ಮೇಡಂರೀ, ಇದರಾಗ ನೋವಿನ ಗುಳಿಗಿ ಇಲ್ಲಲ್ಲ? ನನಗ ಅದು ಆಗಂಗಿಲ್ಲ."

"ಇಲ್ರಿ ಅಕ್ಕಾರ. ಇವೆರಡೂ ಬ್ಯಾರೆ ಜಾತಿ ಗುಳಿಗಿ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಹೇಳಿದ್ದು ಸುಳ್ಳೇನಲ್ಲ. ಆದರೆ ಆಕೆ ಪಟ್ಟಿಗಳನ್ನು ನೋಡುತ್ತಿದ್ದ ರೀತಿ, ಹಾವಿನ ಬುಟ್ಟಿಯನ್ನು ನೋಡುವ ಹಾಗಿತ್ತು. ಅದಕ್ಕೇ ಕೇಳಿದೆ: "ಆಗಂಗಿಲ್ಲ ಅಂದ್ರ ಏನಾಕ್ಕೇತ್ರಿ? ಮೈ ತುರಸ್ತೈತೇನು?"

"ತುರಿಕಿ ಅಲ್ರಿ. ತುಟಿ ಬಾತ್ವು, ಮೂಗು ಕಟ್ತು. ಆಮ್ಯಾಲ ಎದಿಯೊಳಗ ಯಾರೋ ಪೀಪಿ ಊದಿದಂಗ ಸುಂಯ್ ಸುಂಯ್ ಅನ್ನಾಕತ್ತು."

ಪೀಪಿ ಎಂದಾಗ ನನ್ನ ಕೈ ಪಟ್ಟಿಯ ಮೇಲೆ ನಿಂತಿತು. "ಥಂಡಿ ದಿನದಾಗೂ ಹಂಗ ಆಕ್ಕೇತೇನ್ರಿ?"

ಆಕೆ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿ ದನಿ ಇಳಿಸಿದರು. "ಐದಾರು ವರ್ಷ ಆತ್ರಿ, ಥಂಡ್ಯಾಗ ಸ್ವಲ್ಪ ದಮ್ಮು. ಮೂಗಿನ್ಯಾಗ ಮಾಂಸ ಬೆಳದಿತ್ತು, ಆಪರೇಶನ್ನೂ ಆಗೇತಿ. ಆದ್ರ ಅದನ್ನ ಎಲ್ಲೂ ಅನಬ್ಯಾಡ್ರಿ. ಸಾಲ್ಯಾಗ ಗೊತ್ತಾದ್ರ ವ್ಯಾನ್ ಬಿಡಸ್ತಾರ."

"ಡಾಕ್ಟರಿಗೆ ಹೇಳೀರೇನು?"

"ಅವ್ರು ಅಂಜಿಕಿ ಡಾಕ್ಟರು. ಅವ್ರಿಗ್ಯಾಕ ದಮ್ಮಿನ ಸುದ್ದಿ?"

ದಮ್ಮಿರುವವರಿಗೆ ಪ್ರೊಪ್ರನಲಾಲ್ ಕೊಡಬಾರದು. ಅದು ಶ್ವಾಸನಾಳವನ್ನು ಬಿಗಿಯಬಹುದು. ನೋವಿನ ಗುಳಿಗೆಗೆ ಎದೆ ಬಿಗಿಯುವವರಲ್ಲಿ ಅಪಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮುಂದೆ ಎಂದಾದರೂ ಅಂಥ ಅಲರ್ಜಿ ಜೋರಾಗಿ ಎದ್ದರೆ, ಜೀವ ಉಳಿಸಲು ಆಸ್ಪತ್ರೆಯಲ್ಲಿ ಕೊಡುವ ಅಡ್ರಿನಲಿನ್ ಸೂಜಿಮದ್ದು ಈ ಗುಳಿಗೆ ಮೈಯಲ್ಲಿದ್ದಾಗ ಸರಿಯಾಗಿ ಹತ್ತುವುದಿಲ್ಲ. ಅಂದರೆ ಗುಳಿಗೆಯಲ್ಲಿ ನೋವಿನ ಔಷಧಿ ಇಲ್ಲ ಎಂಬ ನನ್ನ ಉತ್ತರ ನಿಜವಾಗಿತ್ತು, ಆದರೆ ಉಪಯೋಗಕ್ಕೆ ಬರುವಂಥದ್ದಾಗಿರಲಿಲ್ಲ.

ಮನೋವೈದ್ಯರ ಚಿಕಿತ್ಸಾಲಯಕ್ಕೆ ಫೋನ್ ಮಾಡಿದೆ. ಸಾಹೇಬರು ರೋಗಿಗಳ ಜೊತೆಗಿದ್ದಾರೆ, ನಾಲ್ಕರ ಮೇಲೆ ಮಾಡಿರಿ ಎಂದು ಸಹಾಯಕಿ ಇಟ್ಟುಬಿಟ್ಟಳು. ಗಂಟೆ ಒಂದೂ ಆಗಿರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದಿದ್ದ ನಮ್ಮ ಮಾಲೀಕರು ಕನ್ನಡಕದ ಮೇಲಿಂದ ನೋಡಿದರು.

"ಚೀಟಿ ಐತಲ್ಲವಾ, ಕೊಟ್ಟ ಕಳಸು. ನಾವೇನ್ ಡಾಕ್ಟರಾ?"

"ಒಂದನ್ನ ಕೊಡತೇನ್ರಿ. ಇನ್ನೊಂದನ್ನ ಡಾಕ್ಟರನ್ನ ಕೇಳದ ಕೊಡೂದಿಲ್ಲ."

ಆಕೆಗೆ ಸಿಟ್ಟು ಬಂತು. ಬರಲೇಬೇಕು. ಊರಿಂದ ಬಸ್ಸಿನಲ್ಲಿ ಬಂದು, ಬೆಳಿಗ್ಗೆಯಿಂದ ಸರತಿಯಲ್ಲಿ ಕುಳಿತು, ಕೊನೆಗೆ ಅಂಗಡಿಯಲ್ಲಿ ಈ ತಕರಾರು. "ಕಪಾಟ ತುಂಬ ಔಷಧ ಇಟ್ಗೊಂಡ ಕುಂತೀರಿ, ಕೊಡಂಗಿಲ್ಲ ಅಂತೀರಿ! ಖಾನಾಪುರದಾಗ ಅಂಗಡಿ ಇಲ್ಲೇನು?" ಎಂದು ಚೀಟಿಯನ್ನು ನನ್ನ ಬೆರಳಿನಿಂದ ಎಳೆದುಕೊಂಡು ಹೊರಟೇಬಿಟ್ಟರು. ನಾನು ಕೌಂಟರ್ ಸುತ್ತಿ ಬಾಗಿಲಿಗೆ ಬರುವಷ್ಟರಲ್ಲಿ ಆಕೆ ಆಟೊ ಹತ್ತಿದ್ದರು. ಚೀಟಿಯ ಮೇಲಿನ ಹೆಸರನ್ನು ಗಮನಿಸಿರಲಿಲ್ಲ, ಫೋನ್ ನಂಬರು ಬರೆದುಕೊಂಡಿರಲಿಲ್ಲ.

ನಾಲ್ಕು ಗಂಟೆಯವರೆಗೆ ಮಾಡಿದ ಕೆಲಸದಲ್ಲಿ ನನ್ನ ಮನಸ್ಸಿರಲಿಲ್ಲ. ಒಬ್ಬ ಅಜ್ಜನಿಗೆ ಕೆಮ್ಮಿನ ಔಷಧಿಯ ಬದಲು ಹೊಟ್ಟೆಯದು ತೆಗೆದುಕೊಟ್ಟೆ, ಅವರೇ ನಕ್ಕು ಸರಿಮಾಡಿದರು. ನಾಲ್ಕೂ ಐದಕ್ಕೆ ಮನೋವೈದ್ಯರು ಲೈನಿಗೆ ಬಂದರು. ಮೂಗಿನ ಮಾಂಸ, ಥಂಡಿಯ ದಮ್ಮು, ಎದೆಯ ಪೀಪಿ ಎಂದು ಒಂದೊಂದಾಗಿ ಹೇಳಿದೆ.

"ನಿಲ್ಲಿಸಿದ್ದು ಚಲೋ ಮಾಡಿದ್ರಿ," ಎಂದರು. "ಆಕಿ ಪ್ರೊಪ್ರನಲಾಲ್ ಹಾಕೋಬಾರದು. ಈಗ ಫೋನ್ ಹಚ್ಚಸ್ತೇನಿ."

ಹತ್ತು ನಿಮಿಷಕ್ಕೆ ಸಹಾಯಕಿಯ ಫೋನು ಬಂತು. ಚಿಕಿತ್ಸಾಲಯದ ಕಾರ್ಡಿನಲ್ಲಿರುವುದು ಆಕೆಯ ಗಂಡನ ನಂಬರು, ಹತ್ತುತ್ತಿಲ್ಲ. ಮತ್ತೆ ಆರಕ್ಕೂ ಹತ್ತಲಿಲ್ಲ, ಏಳಕ್ಕೂ ಹತ್ತಲಿಲ್ಲ. ಅಂಗಡಿ ಮುಚ್ಚುವಾಗ ಮಾಲೀಕರಿಗೆ ಹೇಳಿದೆ: ನಾಳೆ ಅರ್ಧ ದಿನ ರಜೆ ಬೇಕು, ಖಾನಾಪುರಕ್ಕೆ ಹೋಗಬೇಕು. ಅವರು ಬೀಗದ ಕೈ ಎಣಿಸುತ್ತಲೇ, "ಸೋಮವಾರ ಗಿರಾಕಿ ಕಳಕೊಂಡಿ, ಮಂಗಳವಾರ ಹುಡಕಾಕ ಹೊಂಟಿ," ಎಂದರು. ಆಮೇಲೆ, "ಬೆಳಗಿನ ಬಸ್ಸಿಗೇ ಹೋಗು, ಕುಂದ್ರಾಕ ಜಾಗ ಸಿಗತೈತಿ," ಎಂದು ಸೇರಿಸಿದರು.

ಖಾನಾಪುರದ ಬಸ್ ನಿಲ್ದಾಣದಲ್ಲಿ ಇಳಿದು ಮೊದಲು ಕಂಡ ಆಟೊದವನಿಗೆ, ಶಾಲೆಯ ವ್ಯಾನ್ ಓಡಿಸುವ ಹೆಂಗಸಿನ ಮನೆ ಎಲ್ಲಿ ಎಂದು ಕೇಳಿದೆ. "ಮಾವಶಿ? ಪುಲಾಚ್ಯಾ ಪಲೀಕಡೆ," ಎಂದ. ಸೇತುವೆಯ ಆಚೆ. ಊರಿನ ಮಕ್ಕಳೆಲ್ಲ ಆಕೆಯನ್ನು ಮರಾಠಿಯಲ್ಲಿ ಮಾವಶಿ, ಚಿಕ್ಕಮ್ಮ, ಎಂದೇ ಕರೆಯುತ್ತಾರೆ. ದೊಡ್ಡವರೂ ಹಾಗೆಯೇ ಕರೆಯುತ್ತಾರೆ ಎಂದು ದಾರಿಯಲ್ಲಿ ತಿಳಿಯಿತು. ಆಟೊದವನು ಮಲಪ್ರಭೆಯ ಸೇತುವೆ ದಾಟಿ, ಹಂಚಿನ ಮನೆಯೊಂದರ ಮುಂದೆ ನಿಲ್ಲಿಸಿ, ಮಾವಶಿಗೆ ಹುಷಾರಿಲ್ಲವಂತೆ, ಒಂದು ತಿಂಗಳಿಂದ ವ್ಯಾನ್ ನಿಂತಿದೆ, ನೀವು ಡಾಕ್ಟರಾ ಎಂದು ವಿಚಾರಿಸಿದ. ಅಲ್ಲ ಎಂದೆ.

ಆಕೆ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ನನ್ನನ್ನು ಕಂಡು ಮೊರ ಕೆಳಗಿಟ್ಟರು.

"ಅಗ ಬಾಯಿ!" ಎಂದು ಮರಾಠಿಯಲ್ಲೇ ಅಚ್ಚರಿಪಟ್ಟರು. "ಬೆಳಗಾಂವಿಯಿಂದ ಗುಳಿಗಿ ಕೊಡಾಕ ಬಂದ್ರೇನು?"

"ಕೊಡಾಕ ಅಲ್ರಿ ಅಕ್ಕಾರ, ಬ್ಯಾಡ ಅನ್ನಾಕ ಬಂದೇನಿ. ತಗೊಂಡ್ರೇನು?"

ಆಕೆ ಏಳದೆ ದೇವರ ಗೂಡಿನ ಕಡೆ ಕೈ ತೋರಿಸಿದರು. ಎರಡು ಪಟ್ಟಿಯೂ ಅಲ್ಲಿ ಅರಿಶಿನದ ಬಟ್ಟಲಿನ ಪಕ್ಕದಲ್ಲಿದ್ದವು. ಊರಿನ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಟ್ಟಿದ್ದರು. ಒಂದು ಗುಳಿಗೆಯೂ ಒಡೆದಿರಲಿಲ್ಲ. "ನೀರ ತಗೊಂಡ ಕುಂತೆ. ಬಾಯಾಗ ಹಾಕೊಳ್ಳಾಕ ಆಗಲಿಲ್ಲ. ಅಂಜಿಕಿ ಬಂತ್ರಿ."

ಅಂಜಿಕೆಗೆಂದು ಬರೆದ ಗುಳಿಗೆಯಿಂದ ಆಕೆಯನ್ನು ಅಂಜಿಕೆಯೇ ಕಾಪಾಡಿತ್ತು. ನಾನು ನಗತೊಡಗಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊತ್ತು ತಂದದ್ದೆಲ್ಲ ಆ ನಗುವಿನಲ್ಲಿ ಇಳಿದು ಹೋಯಿತು. ಏಕೆ ನಗುತ್ತಿದ್ದೇನೆಂದು ವಿವರಿಸಿದ ಮೇಲೆ ಆಕೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಒಳಗಿಂದ ಚಹಾ ಬಂತು. ತಂದವರು ಆಕೆಯ ಗಂಡ, ಟೇಲರ್. ಕೊರಳಲ್ಲಿ ಅಳತೆ ಪಟ್ಟಿ ನೇತಾಡುತ್ತಿತ್ತು. ಫೋನು ಎರಡು ದಿನದ ಹಿಂದೆ ಇಸ್ತ್ರಿಯ ನೀರಿನ ಪಾತ್ರೆಗೆ ಬಿದ್ದು, ಈಗ ಅಕ್ಕಿ ಡಬ್ಬಿಯಲ್ಲಿ ಒಣಗುತ್ತಿತ್ತು.

ಚಹಾ ಕುಡಿಯುತ್ತ ಆಕೆ ಹೇಳಿದ್ದು ಇಷ್ಟು. ಎರಡು ತಿಂಗಳ ಹಿಂದೆ ಬೆನ್ನು ಹಿಡಿದಿತ್ತು. ಯಾರೋ ಕೊಟ್ಟ ಗುಳಿಗೆ ನುಂಗಿದ ಅರ್ಧ ಗಂಟೆಯಲ್ಲಿ ಉಸಿರು ಕಟ್ಟಿ, ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಅಲ್ಲಿ ಸೂಜಿ ಮಾಡಿ ಉಳಿಸಿದರು. ಮೂರು ವಾರದ ಮೇಲೆ ಒಂದು ಬೆಳಿಗ್ಗೆ, ಹದಿನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಸೇತುವೆಯ ಮೇಲಿದ್ದಾಗ, ಯಾವ ಗುಳಿಗೆಯನ್ನೂ ತೆಗೆದುಕೊಳ್ಳದೆ ಮತ್ತೆ ಅದೇ ಆಯಿತು. ಎದೆ ಹೊಡೆದುಕೊಂಡಿತು, ಕೈ ಜೋಮು ಹಿಡಿಯಿತು, ಸತ್ತೇ ಹೋಗುತ್ತೇನೆ ಅನಿಸಿತು. ಆಕೆ ವ್ಯಾನನ್ನು ಸೇತುವೆ ದಾಟಿಸಿ, ಬದಿಗೆ ನಿಲ್ಲಿಸಿ, ಕೈಬ್ರೇಕ್ ಎಳೆದು, ಕೀಲಿ ತೆಗೆದು ಹೊರಗೆ ಕುಳಿತರು. ಮಕ್ಕಳಿಗೆ ಟೈರ್ ನೋಡುತ್ತಿದ್ದೇನೆ ಎಂದರು. ಆವತ್ತು ಎದೆಯಲ್ಲಿ ಪೀಪಿ ಇರಲಿಲ್ಲ, ತುಟಿ ಬಾತಿರಲಿಲ್ಲ. ಹತ್ತು ನಿಮಿಷಕ್ಕೆ ಇಳಿಯಿತು. ಆದರೆ ಆಮೇಲೆ ಆಕೆ ಆ ಸೀಟಿನಲ್ಲಿ ಕೂರಲಿಲ್ಲ. ಮೈದುನ ಬೇರೆ ಗಾಡಿಯಲ್ಲಿ ಮಕ್ಕಳನ್ನು ಒಯ್ಯುತ್ತಿದ್ದರು.

"ನಾ ಸತ್ರ ಸಾಯಲಿ ತಂಗಿ. ಹಿಂದ ಹದಿನಾಲ್ಕ ಮಂದಿ ಕುಂತಿರ್ತಾವಲ್ಲ."

ಮೇಡಂ ಹೋಗಿ ತಂಗಿ ಬಂದದ್ದನ್ನು ನಾನು ಗಮನಿಸಿದೆ.

ಆಕೆಯನ್ನು ಆಸ್ಪತ್ರೆಗೆ ಹಾಕಿದ ಗುಳಿಗೆ ಯಾವುದೆಂದು ತಿಳಿಯದೆ ಮುಂದೆ ಹೋಗುವ ಹಾಗಿರಲಿಲ್ಲ. ಮನೆಯಲ್ಲಿರುವ ಔಷಧಿಯನ್ನೆಲ್ಲ ತನ್ನಿ ಎಂದೆ. ಟೇಲರ್ ಒಂದು ಬಿಸ್ಕೀಟಿನ ಡಬ್ಬಿ ತಂದು, ಹಳೆಯ ದಿನಪತ್ರಿಕೆಯ ಮೇಲೆ ಬೋರಲು ಹಾಕಿದರು. ಕತ್ತರಿಸಿದ ಪಟ್ಟಿಗಳು, ಅಂಟಿಹೋದ ಟ್ಯೂಬುಗಳು, ಹೆಸರು ಅಳಿಸಿದ ಬಾಟಲಿ. ಅವಧಿ ಮುಗಿದವನ್ನು ಮೊದಲು ಬೇರೆ ಮಾಡಿದೆವು, ಅದೇ ಅರ್ಧ ಡಬ್ಬಿಯಾಯಿತು. ಉಳಿದವನ್ನು ನಾನು ಒಂದೊಂದಾಗಿ ಬೆಳಕಿಗೆ ಹಿಡಿದು ಓದಿದೆ. ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಒಳಗೇನಿದೆ ಎಂಬುದು ಅದರ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಆಕೆ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು.

"ಇದ ನೋಡ್ರಿ, ಇದ ಗುಳಿಗಿ!" ಎಂದು ಒಂದು ಅರ್ಧ ಪಟ್ಟಿಯನ್ನು ಎರಡು ಬೆರಳಿನಲ್ಲಿ ಎತ್ತಿದರು. "ಇದರಾಗ ಪ್ಯಾರಾಸಿಟಮಾಲ್ ಐತಂತ. ಅದಕ್ಕ ನಾ ಜ್ವರ ಬಂದ್ರೂ ಅದನ್ನ ಮುಟ್ಟೂದಿಲ್ಲ."

ಪ್ಯಾರಾಸಿಟಮಾಲ್ ಇತ್ತು. ಅದರ ಜೊತೆಗೆ ಅಸೆಕ್ಲೊಫೆನಾಕ್ ಕೂಡ ಇತ್ತು, ಉರಿಯೂತ ತಗ್ಗಿಸುವ ನೋವಿನ ಔಷಧಿ. ಆಕೆಯ ಮೂಗು, ದಮ್ಮು ಮತ್ತು ಈ ಜಾತಿಯ ಗುಳಿಗೆಗಳ ನಂಟು ನಮ್ಮ ಪಾಠದಲ್ಲೇ ಇದೆ. ಇಂಥವರಿಗೆ ಒಂದು ಆಗದಿದ್ದರೆ ಆ ಕುಟುಂಬದ ಉಳಿದವೂ ಸಾಮಾನ್ಯವಾಗಿ ಆಗುವುದಿಲ್ಲ. ಡಬ್ಬಿಯಲ್ಲಿ ಅದೇ ಕುಟುಂಬದ ಇನ್ನೆರಡು ಗುಳಿಗೆ ಮತ್ತು ಬೆನ್ನಿಗೆ ಹಚ್ಚುವ ಒಂದು ಮುಲಾಮೂ ಸಿಕ್ಕವು. ಮುಲಾಮನ್ನು ಆಕೆ ಹಿಂದಿನ ವಾರವೂ ಹಚ್ಚಿಕೊಂಡಿದ್ದರು. "ಹಚ್ಚೂದ್ರಾಗ ಏನಿರತೈತ್ರಿ?" ಎಂದು ಆಶ್ಚರ್ಯಪಟ್ಟರು. ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಪಟ್ಟಿಗಳನ್ನು ಚೀಲಕ್ಕೆ ಹಾಕಿ, "ನಾಳೆ ಡಾಕ್ಟರ ಕಡೆ ಹೋಗೂಣು, ದಮ್ಮಿನ ಸುದ್ದಿ ನೀವ ಹೇಳಬೇಕು," ಎಂದೆ. ಆಕೆ ಗಂಡನ ಮುಖ ನೋಡಿದರು. ಅವರು ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, "ಹೇಳಿ ಬಿಡು. ಮುಚ್ಚಿಟ್ಟಿದ್ದಕ್ಕ ಏನ ಚಲೋ ಆಗೇತಿ?" ಎಂದರು.

ಮರುದಿನ ಮನೋವೈದ್ಯರು ಹಾಳೆಯನ್ನು ಪೂರ್ತಿ ಓದಿದರು. ಪ್ರೊಪ್ರನಲಾಲ್ ಮೇಲೆ ಗೀಟು ಎಳೆದು ಸಹಿ ಮಾಡಿದರು. ಆಮೇಲೆ ಆಕೆಗೆ, "ತಪ್ಪು ನಂದೂ ಐತ್ರಿ ಅಕ್ಕಾರ. ಅಲರ್ಜಿ ಐತೇನು ಅಂತ ಕೇಳಿದೆ. ಏನಾಕ್ಕೇತಿ ಅಂತ ಕೇಳಲಿಲ್ಲ," ಎಂದರು. ಅಷ್ಟು ದೊಡ್ಡ ವೈದ್ಯರು ನನ್ನೆದುರಿಗೇ ಹೀಗೆ ಹೇಳಿದ್ದು ನನಗೆ ಎಷ್ಟೋ ದಿನದ ಊಟವಾಯಿತು. ಅಲ್ಲಿಂದ ಆಕೆಯನ್ನು ಶ್ವಾಸಕೋಶದ ವೈದ್ಯೆಯ ಬಳಿ ಕಳಿಸಿದರು. ಕೊಳವೆ ಊದಿಸಿ ಪರೀಕ್ಷೆಯಾಯಿತು, ದಿನಾ ಎಳೆದುಕೊಳ್ಳುವ ಒಂದು ಇನ್‌ಹೇಲರ್, ತುರ್ತಿಗೆ ಇನ್ನೊಂದು ಬಂತು. ನೋವಿನ ಗುಳಿಗೆಗಳ ಆ ಕುಟುಂಬವೇ ನಿಷಿದ್ಧ ಎಂದು ಆ ವೈದ್ಯೆ ಬರೆದುಕೊಟ್ಟರು, ಮುಲಾಮು ಸಹಿತ.

ಉಳಿದದ್ದು ಎಸ್ಸಿಟಾಲೊಪ್ರಾಮ್. ಅದಕ್ಕೂ ನೋವಿನ ಗುಳಿಗೆಗೂ ಸಂಬಂಧವಿಲ್ಲ, ದಮ್ಮಿಗೂ ತೊಂದರೆಯಿಲ್ಲ. ಇಬ್ಬರು ವೈದ್ಯರೂ ಒಪ್ಪಿದ್ದಾರೆ. ಇಷ್ಟಾದ ಮೇಲೆ ಕಷ್ಟ ಮುಗಿಯಿತೆಂದು ನಾನು ತಿಳಿದಿದ್ದೆ. ಮೂರು ದಿನದ ಮೇಲೆ ಫೋನ್ ಮಾಡಿದರೆ, ಪಟ್ಟಿ ಇನ್ನೂ ದೇವರ ಗೂಡಿನಲ್ಲೇ ಇತ್ತು.

"ಒಗ್ಗತೈತಿ ಅಂತ ನಿಮಗ ಗೊತ್ತು, ಡಾಕ್ಟರಿಗೆ ಗೊತ್ತು. ನನ್ನ ಗಂಟಲಿಗೆ ಗೊತ್ತಿಲ್ಲಲ್ಲ ತಂಗಿ."

ನಾನು ಇಡೀ ಒಂದು ಸಂಜೆ ಇದನ್ನೇ ಯೋಚಿಸಿದೆ. ಓದಿ ತಿಳಿಸುವುದು ಎಷ್ಟಿತ್ತೋ ಅಷ್ಟೂ ಮುಗಿದಿತ್ತು. ಆಕೆಗೆ ಬೇಕಾದದ್ದು ಮಾಹಿತಿಯಲ್ಲ, ಉಸಿರು ಕಟ್ಟಿದರೆ ಹಿಡಿಯಲು ಪಕ್ಕದಲ್ಲಿ ಒಬ್ಬರು. ಮೊದಲ ಗುಳಿಗೆಯನ್ನು ಆಕೆ ಚಿಕಿತ್ಸಾಲಯದಲ್ಲೇ ಕುಳಿತು ನುಂಗಲಿ, ಎರಡು ಗಂಟೆ ಅಲ್ಲೇ ಇರಲಿ, ನಾನೂ ಇರುತ್ತೇನೆ ಎಂದು ಮನೋವೈದ್ಯರನ್ನು ಕೇಳಿದೆ. "ಈ ಔಷಧಕ್ಕ ಅದರ ಅವಶ್ಯಕತೆ ಇಲ್ರಿ," ಎಂದು ಡೈರಿ ತೆರೆದರು. "ಈ ರೋಗಿಗೆ ಐತಿ. ಶನಿವಾರ ಕರಕೊಂಡ ಬರ್ರಿ."

ಶನಿವಾರ ಹತ್ತು ಗಂಟೆಗೆ ಆಕೆ ಮೂರು ಡಬ್ಬಿಯ ಬುತ್ತಿ ಹಿಡಿದುಕೊಂಡು ಬಂದರು. ನರ್ಸ್ ನಾಡಿ, ರಕ್ತದೊತ್ತಡ ನೋಡಿದರು. ಉಸಿರಿನ ಜೋರು ಅಳೆಯುವ ಪ್ಲಾಸ್ಟಿಕ್ ಕೊಳವೆ ಊದಿಸಿದರು. ಮುನ್ನೂರಾ ಹತ್ತು ಬಂತು, ಬರೆದುಕೊಂಡೆವು. ತುರ್ತು ಔಷಧಿಯ ತಟ್ಟೆ ಆಕೆಗೆ ಕಾಣುವಂತೆಯೇ ಮೇಜಿನ ಮೇಲಿಟ್ಟರು. ಆಕೆ ಆ ತಟ್ಟೆಯನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಕಣ್ಣು ಮುಚ್ಚಿ ಗುಳಿಗೆ ನುಂಗಿಬಿಟ್ಟರು. ನುಂಗಿದ ಮೇಲೆ ನನ್ನ ಮಣಿಕಟ್ಟನ್ನು ಹಿಡಿದವರು ಇಪ್ಪತ್ತು ನಿಮಿಷ ಬಿಡಲಿಲ್ಲ. ಸ್ಟೇರಿಂಗ್ ಹಿಡಿದ ಕೈ, ನನ್ನ ಬಳೆಯೊಂದು ಬಗ್ಗಿತು.

ಅರ್ಧ ಗಂಟೆಗೆ ಊದಿದರು, ಮುನ್ನೂರಾ ಹತ್ತು. ಒಂದು ಗಂಟೆಗೆ ಊದಿದರು, ಮುನ್ನೂರಾ ಇಪ್ಪತ್ತು. "ಜಾಸ್ತಿ ಆತಲ್ರಿ!" ಎಂದು ನರ್ಸ್ ಚಪ್ಪಾಳೆ ತಟ್ಟಿದಾಗ ಆಕೆಯ ಮುಖ ಅರಳಿತು. ಅಲ್ಲಿಂದ ಮುಂದೆ ಆಕೆಯನ್ನು ಹಿಡಿಯುವವರಿರಲಿಲ್ಲ. ಒಂದನೇ ತರಗತಿಯ ಹುಡುಗಿಯೊಬ್ಬಳು ವ್ಯಾನಿನಲ್ಲಿ ಬೆಕ್ಕಿನ ಮರಿಯನ್ನು ಪುಸ್ತಕದ ಚೀಲದಲ್ಲಿ ತಂದದ್ದು, ಅದು ಗೇರಿನ ಕೆಳಗೆ ಸೇರಿಕೊಂಡದ್ದು, ಹೆಡ್‌ಮಿಸ್ಟ್ರೆಸ್ ಬಂದಾಗ ಹದಿನಾಲ್ಕು ಮಕ್ಕಳೂ ಒಟ್ಟಿಗೆ ಮಿಯಾಂವ್ ಎಂದು ಬೆಕ್ಕಿನ ದನಿ ಮುಚ್ಚಿದ್ದು. ಹೊರಗೆ ಸರತಿಯಲ್ಲಿ ಕುಳಿತ ರೋಗಿಗಳೂ ಕುರ್ಚಿ ಸರಿಸಿ ಹತ್ತಿರವಾದರು. ಹನ್ನೆರಡಕ್ಕೆ ಕೊನೆಯ ಬಾರಿ ಊದಿ, ಬುತ್ತಿ ಬಿಚ್ಚಿ, ನರ್ಸಿಗೂ ನನಗೂ ರೊಟ್ಟಿ, ಕಡಲೆಹಿಟ್ಟಿನ ಝುಣಕ ಕೊಟ್ಟು, ತಾವೂ ಉಂಡರು. ಆಗಲೇ ನಾನು ಆಕೆ ಉಣ್ಣುವುದನ್ನು ಮೊದಲ ಸಲ ನೋಡಿದ್ದು.

ನಾಲ್ಕನೆಯ ದಿನ ಫೋನು ಬಂತು. ಹೊಟ್ಟೆ ತೊಳಸುತ್ತದೆ, ಕೂತಲ್ಲಿ ಕೂರಲಾಗುತ್ತಿಲ್ಲ, ಬಿಟ್ಟುಬಿಡಲೇ ಎಂದು. ಮೊದಲ ವಾರ ಹೀಗಾಗಬಹುದೆಂದು ವೈದ್ಯರು ಮುಂಚೆಯೇ ಹೇಳಿದ್ದರು. ನೆನಪಿಸಿದೆ. ಉಸಿರಾಟ ಹೇಗಿದೆ, ತುಟಿ ಹೇಗಿದೆ ಎಂದು ಕೇಳಿದೆ. ಎರಡೂ ಸರಿಯಿದ್ದವು. ಚಿಕಿತ್ಸಾಲಯಕ್ಕೂ ತಿಳಿಸಿದೆ, ಮುಂದುವರಿಸಿ ಎಂದರು. ಎಂಟನೆಯ ದಿನ ತೊಳಸುವುದು ನಿಂತಿತು. ಮೂರನೆಯ ವಾರದಲ್ಲಿ ಟೇಲರ್ ಫೋನ್ ಮಾಡಿ, "ನಿನ್ನೆ ವ್ಯಾನ್ ತೊಳದ್ಳು," ಎಂದರು.

ಶಾಲೆಗೆ ಹೇಳುವುದೊಂದು ಬಾಕಿಯಿತ್ತು. ಆಕೆ ಒಬ್ಬರೇ ಹೋಗಲು ಒಪ್ಪದೆ ನನ್ನನ್ನೂ ಕರೆದೊಯ್ದರು. ಇಬ್ಬರು ವೈದ್ಯರ ಪತ್ರಗಳನ್ನು ಮೇಜಿನ ಮೇಲಿಟ್ಟು, ದಮ್ಮಿನ ವಿಷಯ, ಅಂಜಿಕೆಯ ವಿಷಯ, ಗುಳಿಗೆಯ ವಿಷಯ ಎಲ್ಲವನ್ನೂ ನೆಲ ನೋಡುತ್ತಲೇ ಹೇಳಿದರು. ಹೆಡ್‌ಮಿಸ್ಟ್ರೆಸ್ ಪತ್ರ ಓದಿ ಮಡಚಿ, "ಇವರು ಯಾರು?" ಎಂದು ನನ್ನತ್ತ ನೋಡಿದರು.

"ಇವ್ರು ನನಗ ಗುಳಿಗಿ ಕೊಡದ ಕಳಿಸಿದ ಅಂಗಡಿಯವ್ರು," ಎಂದರು ಮಾವಶಿ, ಬಹಳ ಗೌರವದಿಂದ.

ಹೆಡ್‌ಮಿಸ್ಟ್ರೆಸ್ ನಕ್ಕುಬಿಟ್ಟರು. ವ್ಯಾನ್ ಬಿಡಿಸುವ ಮಾತೇ ಬರಲಿಲ್ಲ. "ಎದಿ ಬಡಕೊಳ್ಳಾಕತ್ತಾಗೂ ಗಾಡಿ ಬಾಜುಕ ನಿಲ್ಲಿಸಿ ಕೀಲಿ ತಗದಾಕಿ ನೀ. ನಿನ್ನ ಬಿಟ್ಟು ಯಾರನ್ನ ಹುಡಕಲಿ?" ಎಂದರು. ವೈದ್ಯರು ಹೇಳಿದ ಎರಡು ಷರತ್ತುಗಳನ್ನು ಮಾತ್ರ ಇಟ್ಟರು. ಇನ್‌ಹೇಲರ್ ಸದಾ ಕೈಗೆಟಕುವಂತಿರಬೇಕು. ಮೊದಲ ಎರಡು ವಾರ ವ್ಯಾನಿನಲ್ಲಿ ಇನ್ನೊಬ್ಬ ಚಾಲಕರು ಜೊತೆಗಿರಬೇಕು. ಮೈದುನ ಬರುವುದಾಗಿ ಒಪ್ಪಿದರು.

ನಾನು ಆಕೆಗೆ ಒಂದು ಕಾರ್ಡ್ ಬರೆದುಕೊಟ್ಟಿದ್ದೆ. ಕೂಡದ ನೋವಿನ ಗುಳಿಗೆಗಳ ಹೆಸರು, ದಮ್ಮು, ಈಗ ತೆಗೆದುಕೊಳ್ಳುತ್ತಿರುವ ಔಷಧಿ. ಟೇಲರ್ ಅದಕ್ಕೂ ಇನ್‌ಹೇಲರಿಗೂ ಸೇರಿಸಿ ಕೆಂಪು ಬಟ್ಟೆಯ ಒಂದು ಚೀಲ ಹೊಲಿದಿದ್ದರು. ಆ ಕಾರ್ಡಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಿತ್ತು. ಐದನೆಯ ವಾರ, ಅಂಗಡಿಯಲ್ಲಿ ಜನ ತುಂಬಿದ್ದಾಗ ಆಕೆಯ ಫೋನು ಬಂತು.

"ತಂಗಿ, ಮತ್ತ ಬೆನ್ನ ಹಿಡದೈತಿ. ಅಂಗಡ್ಯಾಗ ಕಾರ್ಡ್ ತೋರಿಸಿದೆ. ಇದು ನಿಮ್ಮ ಕಾರ್ಡಿನ್ಯಾಗ ಇಲ್ಲ, ನಡೀತೈತಿ ಅಂತ ಒಂದ ಪಟ್ಟಿ ಕೊಟ್ಟಾರ. ಹಾಕೊಂಡಿಲ್ಲ. ಸಣ್ಣ ಅಕ್ಷರ ಓದತೇನಿ, ಕೇಳು. ಟಿ. ಆರ್. ಎ. ಎಂ. ಮತ್ತ ಎ..."

"ಟ್ರಾಮಾಡಾಲ್," ಎಂದೆ. ಕೌಂಟರಿನ ಮುಂದಿನವರೆಲ್ಲ ನನ್ನತ್ತ ತಿರುಗಿದರು. "ಹಾಕೋಬ್ಯಾಡ್ರಿ ಅಕ್ಕಾರ."

ಅಂಗಡಿಯವರದು ತಪ್ಪಿರಲಿಲ್ಲ. ಅದು ಅಲರ್ಜಿಯ ಕುಟುಂಬದ್ದಲ್ಲ, ಕಾರ್ಡಿನಲ್ಲಿ ನಾನು ಬರೆದೂ ಇರಲಿಲ್ಲ. ಆದರೆ ಎಸ್ಸಿಟಾಲೊಪ್ರಾಮ್ ಜೊತೆ ಟ್ರಾಮಾಡಾಲ್ ಸೇರಿದರೆ ನಡುಕ, ಬೆವರು, ಜ್ವರ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಸಾಲದ್ದಕ್ಕೆ ಮಂಪರು ಬೇರೆ. ನೋವಿನ ಗುಳಿಗೆ ಆಗದವರಿಗೆ ಅದರ ಬದಲಿಗೆ ಮೊದಲು ನೆನಪಾಗುವುದೇ ಇದು ಎಂಬುದು ನನಗೆ ಗೊತ್ತಿತ್ತು, ಆದರೂ ಕಾರ್ಡಿನ ಹಿಂಬದಿಯನ್ನು ಖಾಲಿ ಬಿಟ್ಟಿದ್ದೆ. ಹಾಗೆಂದು ಆಕೆಗೆ ಹೇಳಿದೆ.

"ಹಂಗಾರ ಹಿಂದ ಬರಕೊಡ್ರಿ, ಜಾಗ ಐತಿ," ಎಂದರು ಆಕೆ, ಅಷ್ಟೇ ಸಲೀಸಾಗಿ.

ಮನೋವೈದ್ಯರನ್ನು ಕೇಳಿ ಬರೆದೆ. ಮುಂದಿನ ಬದಿ, ಈ ದೇಹಕ್ಕೆ ಕೂಡದವು. ಹಿಂಬದಿ, ಈ ಗುಳಿಗೆಯ ಜೊತೆ ಕೂಡದವು. ಬೆನ್ನಿಗೆ ಶ್ವಾಸಕೋಶದ ವೈದ್ಯೆ ತಮ್ಮೆದುರೇ ಸಣ್ಣ ಪ್ರಮಾಣದ ಪ್ಯಾರಾಸಿಟಮಾಲ್ ಕೊಟ್ಟು ನೋಡಿ, ಆಗುತ್ತದೆ ಎಂದರು. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಟೇಲರ್ ಹೊಲಿದ ಗಟ್ಟಿ ದಿಂಬು ಮತ್ತು ದಿನವೂ ಮಾಡುವ ನಾಲ್ಕು ವ್ಯಾಯಾಮ. ನಮ್ಮ ಮಾಲೀಕರು ಆ ಎರಡು ಬದಿಯ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಪ್ರೆಸ್ಸಿಗೆ ಕಳಿಸಿ ಒಂದು ಕಟ್ಟು ಮುದ್ರಿಸಿ ತಂದು ಕೌಂಟರಿನ ಮೇಲಿಟ್ಟರು. "ಅಲರ್ಜಿ ಅಂದವರಿಗೆ ಏನಾಕ್ಕೇತಿ ಅಂತ ಕೇಳು," ಎಂದು ಈಗ ಅವರೇ ಹೊಸಬರಿಗೆ ಹೇಳಿಕೊಡುತ್ತಾರೆ, ಅದು ತಮ್ಮದೇ ಮಾತು ಎನ್ನುವಂತೆ.

ಮೈದುನನ ಎರಡು ವಾರದ ಪಹರೆ ಮುಗಿದ ಮರು ಶನಿವಾರ, ಮಾವಶಿ ನನ್ನನ್ನು ಖಾನಾಪುರಕ್ಕೆ ಬರಲೇಬೇಕೆಂದು ಹೇಳಿದರು. ಶನಿವಾರ ಬೆಳಗಿನ ಶಾಲೆ, ಹನ್ನೊಂದೂವರೆಗೆ ಬಿಡುತ್ತದೆ. ಗೇಟಿನ ಹೊರಗೆ ವ್ಯಾನ್ ನಿಂತಿತ್ತು. ಹದಿನಾಲ್ಕು ಮಕ್ಕಳು ನೀರಿನ ಬಾಟಲಿ, ಚೀಲ, ಅರ್ಧ ತಿಂದ ಪೇರಲಕಾಯಿಗಳೊಂದಿಗೆ ನುಗ್ಗಿದರು. ನನಗೆ ಹಿಂದಿನ ಸೀಟಿನ ಮೂಲೆ ಸಿಕ್ಕಿತು. ಮುಂದಿನ ಸೀಟಿಗಾಗಿ ಇಬ್ಬರು ಕಿತ್ತಾಡಿ, ಕೊನೆಗೆ ಇಬ್ಬರೂ ಕುಳಿತರು. ಮಾವಶಿ ಕೆಂಪು ಚೀಲವನ್ನು ಮುಟ್ಟಿ ನೋಡಿ, ಕನ್ನಡಿ ಸರಿಮಾಡಿ, "ಕೈ ಒಳಗ!" ಎಂದು ಕೂಗಿದರು. ಇಪ್ಪತ್ತೆಂಟು ಕೈಗಳು ಒಳಗೆ ಬಂದವು.

ಸೇತುವೆಯ ಹತ್ತಿರ ಬಂದಾಗ ಕನ್ನಡಿಯಲ್ಲಿ ಅವರ ಕಣ್ಣು ಕಂಡಿತು. ತುಟಿ ಸದ್ದಿಲ್ಲದೆ ಆಡುತ್ತಿತ್ತು, ವೈದ್ಯರು ಕಲಿಸಿದ ಎಣಿಕೆ. ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಮಕ್ಕಳಿಗೆ ಇದೇನೂ ತಿಳಿಯದು. ಅವರು ಮರಾಠಿಯ ಒಂದು ಕಪ್ಪೆ ಹಾಡನ್ನು ಕನ್ನಡದ ಪದಗಳಿಗೆ ಜೋಡಿಸಿ ಕಿರುಚುತ್ತಿದ್ದರು. ವ್ಯಾನ್ ಒಂದೇ ವೇಗದಲ್ಲಿ ನದಿ ದಾಟಿತು. ಆಚೆ ದಡದಲ್ಲಿ ಮಾವಶಿ ಎಣಿಕೆ ಬಿಟ್ಟು ಹಾಡಿಗೆ ದನಿ ಸೇರಿಸಿದರು, ಮಕ್ಕಳಿಗಿಂತ ಜೋರಾಗಿ, ರಾಗದ ಪರಿವೆಯೇ ಇಲ್ಲದೆ.

ಒಂದೊಂದು ಮನೆಯ ಮುಂದೆ ಒಬ್ಬೊಬ್ಬರು ಇಳಿದರು. ಕೊನೆಯ ಹುಡುಗಿ ಇಳಿದ ಮೇಲೆ ವ್ಯಾನ್ ನಿಶ್ಶಬ್ದವಾಯಿತು. ಮಾವಶಿ ಹಿಂದೆ ತಿರುಗಿದರು.

"ಪುಲ್ ಮ್ಯಾಲ ಎದಿ ಸ್ವಲ್ಪ ಡವಡವ ಅಂತು ತಂಗಿ. ಖರೇ ಹೇಳತೇನಿ. ಅನ್ನಲಿ ಬಿಡು ಅಂತ ಬಂದೆ."

"ನಾ ಇಲ್ಲೇ ಇಳೀತೇನ್ರಿ ಅಕ್ಕಾರ. ಬಸ್ಸಿಗೆ ಹೊತ್ತಾತು."

"ಇಳಿಯಾಕ ಯಾರ ಬಿಡತಾರ? ಸ್ಟ್ಯಾಂಡ್ ತನಕ ನಾ ಬಿಡತೇನಿ." ಆಕೆ ಬಗ್ಗಿ ಎಡಗಡೆಯ ಬಾಗಿಲು ತೆರೆದು, ಸೀಟಿನ ಮೇಲೆ ಬಿದ್ದಿದ್ದ ಪೇರಲದ ತುಣುಕುಗಳನ್ನು ಸೆರಗಿನಿಂದ ಒರೆಸಿದರು. "ಮುಂದ ಬರ್ರಿ. ಈಗ ಖಾಲಿ ಐತಿ."

ನಾನು ಮುಂದೆ ಹೋಗಿ ಕುಳಿತೆ.